ಹನ್ನೆರಡನೆಯ ಬೆಣೆ

ಬಸ್ಸಿಳಿದ ಜಾಗದಿಂದ ಆಸ್ಪತ್ರೆಯ ಬಾಗಿಲಿಗೆ ಹೆಚ್ಚೆಂದರೆ ಇನ್ನೂರು ಹೆಜ್ಜೆ. ಅಷ್ಟರೊಳಗೆ ಗಂಡ ಮೂರು ಗೋಡೆಗಳ ಮುಂದೆ ನಿಂತ.

"ನೋಡಿಲ್ಲಿ, ಮೂಲೆಗಲ್ಲು ಹೇಗೆ ಕೂರಿಸಿದಾನೆ ಪುಣ್ಯಾತ್ಮ! ಇದಕ್ಕೂ ಕೂಲಿ ತಗೊಂಡಿರ್ತಾನೆ," ಎಂದ ಮೊದಲನೆಯ ಗೋಡೆಗೆ. ಎರಡನೆಯದಕ್ಕೆ ಬರೀ "ಥೂ" ಎಂದ. ಮೂರನೆಯದಕ್ಕೆ ಅದೂ ಇಲ್ಲ. ಅಂಗೈಯನ್ನು ಗೋಡೆಗೆ ಊರಿ, ಕಲ್ಲಿನ ಮೈ ತಡವಿ ನೋಡುವವನ ಹಾಗೆ ತಲೆ ತಗ್ಗಿಸಿ ನಿಂತುಕೊಂಡ. ಹೆಂಡತಿಯೂ ಪಕ್ಕದಲ್ಲಿ ನಿಂತು, ಏನೂ ತಿಳಿಯದವಳ ಹಾಗೆ ಆ ಗೋಡೆಯನ್ನೇ ನೋಡಿದಳು. ಅವನ ಬೆನ್ನು ಏರಿ ಇಳಿಯುವುದು ನಿಧಾನವಾಗುವ ತನಕ ನೋಡುತ್ತಲೇ ಇದ್ದಳು.

ಎರಡು ವರ್ಷದಿಂದ ಹೀಗೇ. ನಿಲ್ಲದೆ ನಡೆಯಲು ಅವನಿಂದ ಆಗುತ್ತಿರಲಿಲ್ಲ. ಸುಸ್ತಾಗಿ ನಿಂತ ಎಂದು ಯಾರಾದರೂ ಅಂದುಕೊಳ್ಳುವುದು ಅದಕ್ಕಿಂತಲೂ ಆಗುತ್ತಿರಲಿಲ್ಲ. ಅದಕ್ಕೇ ಗೋಡೆಗಳನ್ನು ಹಿಡಿದುಕೊಂಡಿದ್ದ. ಅವರ ಬೀದಿಯಲ್ಲಿ ಅವನ ಬಾಯಿಗೆ ಸಿಕ್ಕದ ಒಂದು ಕಟ್ಟೆಯಾಗಲಿ, ಒಂದು ಮೆಟ್ಟಿಲಾಗಲಿ ಉಳಿದಿರಲಿಲ್ಲ. "ವಯಸ್ಸಾಗ್ತಾ ಆಗ್ತಾ ಇವನಿಗೆ ಕಲ್ಲಿನ ಹುಚ್ಚು ತಲೆಗೇರ್ತಿದೆ," ಎಂದು ಬೀದಿಯವರು ನಗುತ್ತಿದ್ದರು. ನಗಲಿ ಎಂದು ಅವಳೂ ಸುಮ್ಮನಿದ್ದಳು. ಉಬ್ಬಸದವನು ಅನ್ನಿಸಿಕೊಳ್ಳುವುದಕ್ಕಿಂತ ಹುಚ್ಚ ಅನ್ನಿಸಿಕೊಳ್ಳುವುದು ವಾಸಿ ಎನ್ನುವ ಲೆಕ್ಕ ಅವನದು.

"ಹೇಳಿಕೊಟ್ಟಿದ್ದು ನೆನಪಿದೆ ತಾನೆ?" ಎಂದು ಕೇಳಿದಳು.

"ಮೂರು ಸಲ ನಡೆಯೋದು, ಕೂರೋದು. ಆಮೇಲೆ ಮೂರು, ಕೂರೋದು. ಆಮೇಲೆ ಎರಡು. ಅಷ್ಟೇ. ಒಂದನೇ ಕ್ಲಾಸಿನ ಮಗುಗೆ ಹೇಳಿದ ಹಾಗೆ ಎಷ್ಟು ಸಲ ಹೇಳ್ತೀಯೇ?"

"ಮಗುವಾಗಿದ್ರೆ ಒಂದು ಸಲ ಹೇಳಿ ಬಿಟ್ಬಿಡ್ತಿದ್ದೆ."

ಅವನು ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮಿಗಾಗಿ ಇನ್ನೊಂದಿಷ್ಟು ಹೊತ್ತು ಗೋಡೆ ನೋಡಬೇಕಾಯಿತು.

ಇಪ್ಪತ್ತಾರು ವರ್ಷ ಅವನು ಕಲ್ಲುಕ್ವಾರಿಯಲ್ಲಿ ಬಂಡೆ ಸೀಳಿದವನು. ಕಲ್ಲಿನ ನರ, ಅಂದರೆ ಒಳಗಿನ ಎಳೆ, ಹರಿಯುವ ದಿಕ್ಕು ನೋಡಿ ಬಂಡೆಯ ಬೆನ್ನಿನ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಹನ್ನೆರಡು ಕುಳಿ ತೋಡಿ, ಒಂದೊಂದರಲ್ಲೂ ಒಂದು ಕಬ್ಬಿಣದ ಬೆಣೆ ನಿಲ್ಲಿಸಬೇಕು. ಆಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತ ಬೆಣೆಗೊಂದರಂತೆ ಹನ್ನೆರಡು ಏಟು ಹಾಕಬೇಕು. ಎಲ್ಲ ಏಟಿನ ತೂಕವೂ ಒಂದೇ ಇರಬೇಕು. ನಡುವೆ ಎಲ್ಲಾದರೂ ಉಸಿರು ಬಿಟ್ಟರೆ ಮುಂದಿನ ಏಟು ಹಗುರವಾಗುತ್ತದೆ, ಏಟು ಹಗುರವಾದರೆ ಬಂಡೆ ಓರೆಯಾಗಿ ಸೀಳುತ್ತದೆ, ಓರೆಯಾಗಿ ಸೀಳಿದ ಬಂಡೆ ಜಲ್ಲಿಗಷ್ಟೇ ಲಾಯಕ್ಕು. ಹಾಗಾಗಿ ಹನ್ನೆರಡನ್ನೂ ಒಂದೇ ಉಸಿರಿನಲ್ಲಿ, ಬಾಯಿ ಮುಚ್ಚಿಕೊಂಡು ಹಾಕಬೇಕು. ಬಾಯಿ ಮುಚ್ಚಿದರೆ ಧೂಳೂ ಒಳಗೆ ಹೋಗುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು. ಧೂಳಿಗೆ ಬಾಯಿಯೇ ಬೇಕಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾದ ಮಾತು.

ಹೊಸದಾಗಿ ಬಂದವನನ್ನು ಮೇಸ್ತ್ರಿ ಬೆಣೆಸಾಲಿನ ತುದಿಯಲ್ಲಿ ನಿಲ್ಲಿಸಿ ತಾನು ಗಟ್ಟಿಯಾಗಿ ಎಣಿಸುತ್ತಿದ್ದ. ಹನ್ನೆರಡರೊಳಗೆ ಬಾಯಿ ತೆರೆದವನು ಜಲ್ಲಿ ಹೊರಲಿಕ್ಕೆ, ಮುಚ್ಚಿಕೊಂಡು ಮುಟ್ಟಿದವನು ಬಂಡೆಯ ಮೇಲಕ್ಕೆ. ಇವನು ಮೊದಲ ದಿನವೇ ಮುಟ್ಟಿದ್ದ. ಅವತ್ತು ಅಲ್ಲಿ ಗಾಡಿ ತುಂಬಿಸಲು ಬಂದಿದ್ದ ಅವಳಪ್ಪ ಅದನ್ನು ನೋಡಿದವನೇ, ಮನೆಗೆ ಬಂದು ಕಾಲು ತೊಳೆಯುವ ಮುಂಚೆಯೇ "ಹುಡುಗ ಸಿಕ್ಕಿದ" ಎಂದಿದ್ದ. ಕ್ವಾರಿಯಲ್ಲಿ ಇವನಿಗೆ 'ಒಂದುಸಿರು' ಎಂದೇ ಹೆಸರು ಬಿತ್ತು. ನೀರು ಹಿಡಿಯುವಲ್ಲಿ, ಬಟ್ಟೆ ಒಗೆಯುವಲ್ಲಿ, ತನ್ನ ಗಂಡನ ಹನ್ನೆರಡು ಏಟಿನ ಸುದ್ದಿಯನ್ನು ಅವಳು ಹೇಳದೆ ಬಿಟ್ಟ ಹೆಂಗಸಿರಲಿಲ್ಲ.

ಈಗ ಕ್ವಾರಿಯ ಗೇಟಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಬರುವ ಹೋಗುವ ಲಾರಿಯ ನಂಬರು ಬರೆದುಕೊಂಡು ಸರಪಳಿ ಎತ್ತಿ ಇಳಿಸುವ ಕೆಲಸ. ಮೇಲೆ ತಗಡು, ಸುತ್ತ ಗಾಳಿ. ಬಂಡೆಯ ಕೆಲಸ ಮಾಡಲಾಗದು ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ಮಾತ್ರ ಅದು ಸಿಗುತ್ತದೆ. ಮಾಡಬಲ್ಲ ಎಂದು ಬರೆದರೆ ಸೋಮವಾರದಿಂದ ಮತ್ತೆ ಬಂಡೆಯ ಮೇಲೆ. ಇನ್ನೊಂದು ಚಳಿಗಾಲ ಆ ಧೂಳು ಕುಡಿದರೆ ಅವನು ಉಳಿಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಲಗಿದಾಗ ಅವನ ಎದೆಯೊಳಗಿನ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದವಳು ಅವಳು.

ಎದೆಯ ಫೋಟೋ ಒಂದು ವಾರದ ಹಿಂದೆಯೇ ಆಗಿತ್ತು. ಅದರ ತುಂಬ ಬಿಳಿ ಚುಕ್ಕಿ, ಸಗಣಿ ಸಾರಿಸಿದ ಅಂಗಳದಲ್ಲಿ ಹಿಟ್ಟು ಚೆಲ್ಲಿದ ಹಾಗೆ. "ಆ ಕ್ವಾರಿಯಿಂದ ಬರೋ ಎಲ್ಲರಿಗೂ ಚುಕ್ಕಿ ಇವೆ," ಎಂದಿದ್ದರು ಡಾಕ್ಟರು. "ಚುಕ್ಕಿ ನೋಡಿ ಕುರ್ಚಿ ಕೊಡೋದಾದ್ರೆ ಗೇಟಲ್ಲಿ ಐವತ್ತು ಕುರ್ಚಿ ಹಾಕ್ಬೇಕು. ನಡೆಸಿ ನೋಡ್ಬೇಕು. ಆರು ನಿಮಿಷ."

ನಡೆಸುವ ಕೆಲಸ ಒಬ್ಬ ಹುಡುಗಿಯದು. ಮದುವೆಯಾಗದ, ಚುರುಕು ಕಣ್ಣಿನ ಹುಡುಗಿ. ಅವತ್ತು ಅವಳು ಎಲ್ಲ ಬಿಡಿಸಿ ಹೇಳಿದ್ದಳು. ಮೂವತ್ತು ಮೀಟರು ಉದ್ದದ ಮೊಗಸಾಲೆ, ಆ ತುದಿಗೊಂದು ಈ ತುದಿಗೊಂದು ಸ್ಟೂಲು. ಆರು ನಿಮಿಷದಲ್ಲಿ ಎಷ್ಟು ಸಲ ಮುಟ್ಟುತ್ತಾರೆ ಎಂಬುದೇ ಲೆಕ್ಕ. ಮುನ್ನೂರೈವತ್ತು ಮೀಟರಿಗಿಂತ ಕಡಿಮೆಯಾದರೆ ಹಗುರ ಕೆಲಸ.

"ಅಂದ್ರೆ ಎಷ್ಟು ಸಲ ತಾಯಿ?" ಎಂದು ಹೆಂಡತಿ ಕೇಳಿದ್ದಳು.

"ಹನ್ನೊಂದು ಮುಟ್ಟಿದ್ರೂ ಕುರ್ಚಿ. ಹನ್ನೆರಡು ಮುಟ್ಟಿದ್ರೆ ಬಂಡೆ. ಅಷ್ಟಕ್ಕೂ ಇವರಿಂದ ಎಂಟೂ ಆಗಲ್ಲ ಅಮ್ಮ, ಉಸಿರೇ ಇಲ್ವಲ್ಲ."

"ಉಸಿರಿಲ್ದೇ ನಡೆಯೋದು ಇವರಿಗೆ ಅಭ್ಯಾಸ."

ಹುಡುಗಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಫಾರಂನ ಹಿಂದುಗಡೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗೂಡು ಬರೆದು ತೋರಿಸಿದಳು. "ನಮ್ಮ ಮಾಂಸಖಂಡದಲ್ಲಿ ಹೀಗೆ ಕೋಟಿ ಕೋಟಿ ಕೋಶ ಇವೆ ಅಮ್ಮ. ಒಂದೊಂದೂ ಒಂದು ಒಲೆ ಅಂದ್ಕೊಳ್ಳಿ. ತಿಂದಿದ್ದು ಸಕ್ಕರೆಯಾಗಿ ಅಲ್ಲಿಗೆ ಬರುತ್ತೆ, ಅದೇ ಸೌದೆ. ಗಾಳಿ ಚೆನ್ನಾಗಿ ಸಿಕ್ಕರೆ ಪೂರ್ತಿ ಉರಿಯುತ್ತೆ, ಮೂವತ್ತು ಪಾಲು ಶಕ್ತಿ ಬರುತ್ತೆ. ಗಾಳಿ ಸಾಲದೇ ಹೋದ್ರೆ ಒಲೆ ಆರಲ್ಲ. ಅದೇ ಸೌದೆಯನ್ನ ಅರ್ಧಂಬರ್ಧ ಮುರಿದು ಎರಡು ಪಾಲು ತೆಗೆಯುತ್ತೆ. ಎರಡೇ. ಉಳಿದಿದ್ದು ಹುಳಿಯಾಗಿ ಅಲ್ಲೇ ನಿಲ್ಲುತ್ತೆ. ಹಾಲು ಒಡೆಯೋ ಮುಂಚೆ ಹುಳಿ ಬರುತ್ತಲ್ಲ, ಹೆಚ್ಚುಕಡಿಮೆ ಅದೇ ಹುಳಿ."

"ಹಾಗಾದ್ರೆ ಇವರ ಕಾಲೊಳಗೆ ಮೊಸರು ಹೆಪ್ಪಾಗ್ತಿದೆ ಅನ್ನು."

ಈ ಸಲ ಹುಡುಗಿ ನಕ್ಕಳು. "ಬಸ್ಸಿಗೆ ಓಡಿದ್ರೆ ನನ್ನ ಕಾಲಿಗೂ ಅದೇ ಗತಿ. ಆದ್ರೆ ಆಮೇಲೆ ನಾನು ಏದುಸಿರು ಬಿಟ್ಟು ಸರಿಮಾಡ್ಕೋತೀನಿ. ಇವರಿಗೆ ಎಷ್ಟು ಬಿಟ್ರೂ ಗಾಳಿ ಒಳಗೆ ಹೋಗೋ ದಾರೀಲೆಲ್ಲ ಕಲ್ಲುಪುಡಿ ಕೂತಿದೆ."

"ಆ ಎರಡು ಪಾಲಿನ ಒಲೆ ಎಷ್ಟು ಹೊತ್ತು ಉರಿಯುತ್ತೆ?"

"ಜೋರಾಗಿ ಉರಿದ್ರೆ ಒಂದೆರಡು ನಿಮಿಷ. ಅಷ್ಟರ ಮೇಲೆ ಕಾಲು ಕೇಳಲ್ಲ."

ಗಂಡ ಇಷ್ಟು ಹೊತ್ತೂ ಕಿಟಕಿಯ ಚೌಕಟ್ಟಿನ ಕಲ್ಲು ನೋಡುತ್ತಿದ್ದ. "ಒಂದೆರಡು ನಿಮಿಷ ಅಂದ್ರೆ ಏನು ಕಡಿಮೆಯಾ? ಹನ್ನೆರಡು ಬೆಣೆಗೆ ಅಷ್ಟೂ ಬೇಕಿಲ್ಲ," ಎಂದ.

ಆ ಮಾತು ಕೇಳಿದ್ದಕ್ಕೇ ಇರಬೇಕು, ಹೆಂಡತಿ ಆ ವಾರವೆಲ್ಲ ಹಿತ್ತಿಲಿನಲ್ಲಿ, ಒಗೆಯುವ ಕಲ್ಲಿನಿಂದ ಕೊಟ್ಟಿಗೆಯ ಬಾಗಿಲಿಗೆ ಮೂವತ್ತು ಮೀಟರು ಅಳೆದು, ಅವನನ್ನು ನಡೆಸಿದಳು. ಹೇಗೆ ನಡೆಯಬೇಕು ಎಂದಲ್ಲ, ಹೇಗೆ ನಿಲ್ಲಬೇಕು ಎಂದು ಕಲಿಸಿದಳು. ನಿಲ್ಲುವುದನ್ನು ಕಲಿಯಲು ಅವನಿಗೆ ಆರು ದಿನ ಹಿಡಿಯಿತು. ಮೊದಲೆರಡು ದಿನ ಕೂರುವ ಬದಲು ಒಗೆಯುವ ಕಲ್ಲನ್ನು ಬೈಯುತ್ತ ನಿಂತ. ಆರನೆಯ ದಿನ ಬಾಯಿ ತೆರೆದು, ಕೈಯನ್ನು ಎದೆಗೆ ಒತ್ತಿಕೊಂಡು, ಅವಳೆದುರೇ ಏದುಸಿರು ಬಿಡುತ್ತ ಕುಳಿತ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅದನ್ನು ನೋಡಿದ್ದು ಅವತ್ತೇ. "ಹೀಗಾ?" ಎಂದು ಕೇಳಿದ್ದ, ಬಟ್ಟೆ ಬಿಚ್ಚಿ ನಿಂತವನ ಮುಖ ಮಾಡಿಕೊಂಡು. "ಹೀಗೇ," ಎಂದು ಅವಳು ಒಳಗೆ ಹೋಗಿ ಸುಮ್ಮನೆ ಪಾತ್ರೆಗಳನ್ನು ಸರಿಸಿದಳು.

ಇವತ್ತು ಮೊಗಸಾಲೆಯ ಬೆಂಚಿನಲ್ಲಿ ಇವರಿಗಿಂತ ಮೊದಲೇ 'ಬೆಣ್ಣೆ' ಕೂತಿದ್ದ. ಲಾರಿಗೆ ಕಲ್ಲು ತುಂಬಿಸುವವನು. ಎಂಥ ಕಷ್ಟದ ಕೆಲಸದಿಂದಲೂ ಮೈಗೆ ಅಂಟಿಸಿಕೊಳ್ಳದೆ ಜಾರುತ್ತಾನೆಂದು ಆ ಹೆಸರು. "ಬನ್ನಿ ಅಕ್ಕಾ," ಎಂದು ಸರಿದು ಜಾಗ ಮಾಡಿದ. "ಅಣ್ಣ ಎಷ್ಟು ಕುಂಟಬೇಕು ಅಂತಿದಾರೆ? ನಾನಂತೂ ಮನೆಯಿಂದಲೇ ಶುರು ಮಾಡಿದೀನಿ."

ಬೆಣ್ಣೆಯ ಸರದಿ ಮೊದಲು ಬಂತು. ಅವನು ಒಂದು ತುದಿ ಮುಟ್ಟಿದರೆ ಗೋಡೆ ಹಿಡಿದ, ಇನ್ನೊಂದು ಮುಟ್ಟಿದರೆ "ಅಯ್ಯೋ ನಮ್ಮವ್ವಾ" ಎಂದ, ನಡುವೆ ಒಮ್ಮೆ ಹೆಗಲ ಮೇಲಿನ ಟವೆಲು ಬೀಳಿಸಿ ಅದನ್ನು ಎತ್ತಿಕೊಳ್ಳಲು ಅರ್ಧ ನಿಮಿಷ ತೆಗೆದುಕೊಂಡ. ಆರು ನಿಮಿಷಕ್ಕೆ ಏಳು ಸಲ. ಅವನ ಎದೆಯಲ್ಲೂ ಚುಕ್ಕಿ ಇದ್ದವು, ಸುಳ್ಳಲ್ಲ. ಆದರೆ ಗಂಡನ ಎದೆಯಲ್ಲಿದ್ದುದರ ಅರ್ಧವೂ ಇರಲಿಲ್ಲ.

ಆಮೇಲೆ ಗಂಡನ ಸರದಿ. ಹುಡುಗಿ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಅವನ ಬೆರಳಿಗೆ ಸಿಕ್ಕಿಸಿದಳು. ರಕ್ತದಲ್ಲಿ ಗಾಳಿ ಎಷ್ಟಿದೆ ಎಂದು ಅದು ಉಗುರಿನ ಮೂಲಕ ನೋಡುತ್ತದಂತೆ. ಅದರಲ್ಲಿ ಅಂಕಿಯೇ ಬರಲಿಲ್ಲ, ಬರೀ ಗೀಟು. ಹತ್ತು ಬೆರಳಿಗೂ ಹಾಕಿ ನೋಡಿದಳು. ಜಜ್ಜಿ ಜಜ್ಜಿ ಗೊರಸಿನಂತೆ ದಪ್ಪವಾಗಿ ಕಪ್ಪಾದ ಆ ಉಗುರುಗಳನ್ನು ದಾಟಿ ಅದಕ್ಕೆ ಏನೂ ಕಾಣಲಿಲ್ಲ. ಕಿವಿಗೆ ಹಾಕುವ ಇನ್ನೊಂದು ರಿಪೇರಿಗೆ ಹೋಗಿತ್ತು.

"ಗಾಳಿಯ ಕಾಲಂ ಖಾಲಿ ಬಿಡು," ಎಂದರು ಒಳಗಿಂದ ಡಾಕ್ಟರು. "ನಡೆದ ದೂರ ಬರ್ಕೋ, ಸಾಕು."

ಅಷ್ಟರಲ್ಲಿ ಮೇಸ್ತ್ರಿ ಬಂದ. ಕ್ವಾರಿಯ ಪರವಾಗಿ ಯಾರಾದರೂ ನಿಂತು ನೋಡಿ ರುಜು ಹಾಕಬೇಕೆಂಬ ನಿಯಮವಿತ್ತು. ಬೆಣ್ಣೆಯ ಸರದಿಯಲ್ಲಿ ಅವನು ಹೊರಗೆ ಬೀಡಿ ಸೇದುತ್ತಿದ್ದ. ಇವನ ಸರದಿಗೆ ಮಾತ್ರ ಬೀಡಿ ಎಸೆದು ಒಳಗೆ ಬಂದು, ಸ್ಟೂಲಿನ ಹತ್ತಿರ ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತ.

"ಏನಯ್ಯಾ ಒಂದುಸಿರು, ನಿನ್ನನ್ನೂ ಇಲ್ಲಿ ತಂದು ನಿಲ್ಲಿಸಿದ್ರಾ?"

ಗಂಡ ಹೆಂಡತಿಯ ಕಡೆ ನೋಡಿದ. ಅವಳು ಮೂರು ಬೆರಳು ತೋರಿಸಿದಳು.

ಮೂರು ಸಲ ನಡೆದ, ಕೂತ. ಬಾಯಿ ತೆರೆದೇ ಕೂತ, ಮೇಸ್ತ್ರಿಯ ಎದುರಿಗೇ. ಅವಳಿಗೆ ಎದ್ದು ಹೋಗಿ ಕಣ್ಣೊರೆಸಿಕೊಂಡು ಬರಬೇಕು ಅನ್ನಿಸಿತು, ಅಷ್ಟು ದೊಡ್ಡ ಕೆಲಸ ಮಾಡಿದ್ದ ಅವನು. ಮತ್ತೆ ಮೂರು ನಡೆದ, ಮತ್ತೆ ಕೂತ. ಆಮೇಲೆ ಎರಡು. ಎಂಟು ಮುಗಿಯಿತು. ಹುಡುಗಿ ಗಡಿಯಾರ ನೋಡಿ, "ಇನ್ನು ಒಂದೂವರೆ ನಿಮಿಷ. ನಿಧಾನ, ಕಷ್ಟ ಆದ್ರೆ ಕೂತ್ಕೊಳ್ಳಿ," ಎಂದಳು. ಅವನು ಸ್ಟೂಲಿನ ಕಡೆ ತಿರುಗಿ ಮೊಣಕಾಲು ಮಡಿಸಿದ.

"ಎಂಟು," ಎಂದ ಮೇಸ್ತ್ರಿ.

ಗಟ್ಟಿಯಾಗೇನೂ ಅಲ್ಲ. ಆದರೆ ಕ್ವಾರಿಯ ದನಿಯಲ್ಲಿ. ಕೊನೆಯ ಅಕ್ಷರವನ್ನು ಎಳೆದು, ಮುಂದಿನ ಏಟಿಗೆ ಕಾಯುವ ದನಿಯಲ್ಲಿ.

ಗಂಡನ ಬಾಯಿ ಮುಚ್ಚಿಕೊಂಡಿತು. ಅವಳು ಕಣ್ಣಾರೆ ಕಂಡಳು. ಮಡಿಸಿದ ಮೊಣಕಾಲು ನೆಟ್ಟಗಾಯಿತು. ಅವಳು "ರೀ" ಎನ್ನುವುದರೊಳಗೆ ಅವನು ಆ ತುದಿಗೆ ಹೊರಟೇಬಿಟ್ಟಿದ್ದ. ನಡಿಗೆಯೇ ಬೇರೆ. ಹಿತ್ತಿಲಲ್ಲಿ ಕಲಿಸಿದ್ದಲ್ಲ, ಬೆಣೆಸಾಲಿನ ನಡಿಗೆ.

"ಒಂಬತ್ತು."

"ಸರ್, ನೀವು ಎಣಿಸ್ಬೇಡಿ, ನಾನು ಬರ್ಕೋತಿದೀನಿ," ಎಂದಳು ಹುಡುಗಿ.

"ಅಭ್ಯಾಸ ಬಲ ತಾಯಿ... ಹತ್ತು."

ಹೆಂಡತಿ ಎದ್ದು ಅವನಿಗೆ ಅಡ್ಡ ಹೋಗಿ, "ಕೂತ್ಕೊಳ್ರೀ, ನಿಮ್ಮ ದಮ್ಮಯ್ಯ!" ಎಂದಳು. ಅವನು ಬಂಡೆಯ ಮೇಲೆ ಬಂದ ಕೋಳಿಯನ್ನು ಸರಿಸುವಂತೆ ಅವಳನ್ನು ಕೈಯಿಂದ ಸರಿಸಿದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣು ಮಾತ್ರ ಆ ತುದಿಯ ಸ್ಟೂಲಿನ ಮೇಲೆ.

"ಹನ್ನೊಂದು."

ಇಲ್ಲಿ ನಿಂತಿದ್ದರೂ ಸಾಕಿತ್ತು. ಇಲ್ಲಿ ಬಿದ್ದಿದ್ದರೂ ಸಾಕಿತ್ತು. ಅವನು ಬೀಳಲಿಲ್ಲ. ಗಾಳಿಯಿಲ್ಲದ ಆ ಕೋಟಿ ಒಲೆಗಳು ಎರಡೆರಡೇ ಪಾಲು ಕೊಟ್ಟು ಅವನನ್ನು ಎತ್ತಿ ಎತ್ತಿ ಇಟ್ಟವು. ಹನ್ನೆರಡನೆಯ ಸಲ ಅವನ ಕೈ ಸ್ಟೂಲನ್ನು ಮುಟ್ಟಿತು. ಅಲ್ಲಿಗೆ ನಿಂತ. ಇನ್ನೂ ಕೆಲವು ಕ್ಷಣ ಉಳಿದಿದ್ದವು. ಅವು ಅವನಿಗೆ ಬೇಕಿರಲಿಲ್ಲ.

"ಹನ್ನೆರಡು!" ಎಂದು ಮೇಸ್ತ್ರಿ ತೊಡೆ ತಟ್ಟಿದ. "ನೋಡಿ, ಇಪ್ಪತ್ತಾರು ವರ್ಷ ಆಯ್ತು, ಇವತ್ತಿಗೂ ಹನ್ನೆರಡೇ! ನನ್ನ ಕೈಯಲ್ಲಿ ತಯಾರಾದ ಆಳು."

ಅವನನ್ನು ಬೆಂಚಿನ ಮೇಲೆ ಮಲಗಿಸಿದರು. ಹುಡುಗಿ ಓಡಿಹೋಗಿ ಗಾಳಿಯ ಕೊಳವೆ ತಂದು ಮೂಗಿಗೆ ಸಿಕ್ಕಿಸಿದಳು. ಅವನ ಎರಡೂ ಕಾಲು ಈಗಷ್ಟೇ ಹುಟ್ಟಿದ ಕರುವಿನ ಕಾಲಿನಂತೆ ನಡುಗುತ್ತಿದ್ದವು. ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತ್ತು. ಹೆಂಡತಿ ಅದನ್ನು ತಿಕ್ಕಿದಳು. ತಿಕ್ಕುತ್ತ ತಲೆಯೆತ್ತಿದರೆ, ಅವನು ಮೇಸ್ತ್ರಿಯನ್ನು ನೋಡಿ ನಗುತ್ತಿದ್ದ. ಆ ನಗುವನ್ನು ಅವಳು ಕೊನೆಯವರೆಗೂ ಕ್ಷಮಿಸಲಿಲ್ಲ.

ಹುಡುಗಿ ಫಾರಂ ಹಿಡಿದು ಡಾಕ್ಟರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. "ಸರ್, ಕೊನೇ ನಾಲ್ಕು ಸಲ ಇವರು ನಡೆದಿದ್ದು ಗಾಳಿಯಿಂದ ಅಲ್ಲ. ಕಾಲು ನೋಡಿ ಸರ್, ಒಂದ್ಸಲ ಬಂದು ನೋಡಿ."

"ಗಾಳಿಯಿಂದ ನಡೆದನೋ, ಹಠದಿಂದ ನಡೆದನೋ, ಫಾರಂನಲ್ಲಿ ಕೇಳಿಲ್ಲಮ್ಮ. ಎಷ್ಟಾಯ್ತು?"

"ಮುನ್ನೂರ ಅರವತ್ತು."

"ಮುನ್ನೂರೈವತ್ತು ದಾಟಿದೆಯಲ್ಲ."

"ಹತ್ತು ಮೀಟರ್ ಸರ್."

"ಹತ್ತಾದ್ರೇನು, ಹತ್ತು ಸಾವಿರ ಆದ್ರೇನು."

ಹೆಂಡತಿ ಬಾಗಿಲಲ್ಲಿ ಹೋಗಿ ನಿಂತಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, "ಸ್ವಾಮಿ, ಇನ್ನೊಂದು ಸಲ ನಡೆಸಿ. ಈಗಲೇ ನಡೆಸಿ ನೋಡಿ, ಒಂದು ಹೆಜ್ಜೆ ಇಡೋಕೆ ಆಗುತ್ತಾ ಅಂತ," ಎಂದಳು.

"ವರ್ಷಕ್ಕೆ ಒಂದೇ ಸಲ ಅಮ್ಮ. ಇಲ್ಲದಿದ್ರೆ ದಿನಾ ಬರ್ತಾರೆ. ಮುಂದಿನ ವರ್ಷ ನೋಡೋಣ." ಡಾಕ್ಟರು ಕೆಟ್ಟವರಾಗಿರಲಿಲ್ಲ. ಬರೆಯುವ ಮುಂಚೆ ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಬರೆದರು.

ಹೊರಗೆ ಮೇಸ್ತ್ರಿ ಇನ್ನೊಂದು ಬೀಡಿ ಹಚ್ಚುತ್ತಿದ್ದ. "ನೀವು ಎಣಿಸದೇ ಇದ್ದಿದ್ರೆ ಕೂತಿರ್ತಿದ್ರು," ಎಂದಳು ಅವಳು.

"ನಾನೇನು ಅವನ ಕಾಲು ಹಿಡಿದು ಎತ್ತಿ ಎತ್ತಿ ಇಟ್ನಾ ತಂಗಿ? ಒಳ್ಳೇ ಆಳು, ಅವನ ಮಾನ ಹೋಗಬಾರದಲ್ಲ ಅಂತ ಎರಡು ಮಾತು ಅಂದೆ." ಅವನ ಮುಖದಲ್ಲಿ ಕಪಟ ಹುಡುಕಿದಳು. ಸಿಕ್ಕಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಇದ್ದದ್ದು ಪ್ರೀತಿಯೇ, ಒಡೆಯನಿಗೆ ಒಳ್ಳೆಯ ಎತ್ತಿನ ಮೇಲೆ ಇರುವಂಥದ್ದು.

ಮನೆಗೆ ಹೋಗುವ ದಾರಿಯಲ್ಲಿ ಹನ್ನೊಂದು ಗೋಡೆಗಳ ಮುಂದೆ ನಿಂತರು. ಒಂದನ್ನೂ ಅವನು ಬೈಯಲಿಲ್ಲ. ಕೊನೆಯ ಗೋಡೆಯ ಹತ್ತಿರ, "ಅವನು ಎಣಿಸೋವಾಗ ಬಾಯಿ ತೆರೆಯೋಕೆ ಆಗಲ್ಲ ಕಣೇ," ಎಂದ. "ಗೊತ್ತು," ಎಂದಳು. ಇನ್ನೂ ಏನೋ ಅನ್ನಬೇಕೆಂದಿದ್ದಳು. ಹನ್ನೆರಡು ಏಟಿನ ಸುದ್ದಿಯನ್ನು ಬೀದಿಯ ತುಂಬ ಹಂಚಿದವಳು ತಾನೇ ಎಂಬುದು ನೆನಪಾಗಿ, ಬಾಯಿ ಮುಚ್ಚಿಕೊಂಡು ನಡೆದಳು.

ಸೋಮವಾರ ಬೆಳಿಗ್ಗೆ ಸುತ್ತಿಗೆಯನ್ನು ಅವಳೇ ಹೊತ್ತುಕೊಂಡು ಹೋದಳು. ಊರು ದಾಟಿ ಕ್ವಾರಿಯ ಗೇಟು ಕಾಣುವ ತನಕ ಅವನು ಸುಮ್ಮನೆ ಬಂದ. ಗೇಟು ಕಂಡ ಕೂಡಲೇ, "ಕೊಡಿಲ್ಲಿ," ಎಂದು ಕಿತ್ತುಕೊಂಡು ಹೆಗಲಿಗೇರಿಸಿದ. ತಗಡಿನ ಕೆಳಗೆ ಹೊಸ ಕುರ್ಚಿಯಲ್ಲಿ ಬೆಣ್ಣೆ ಕೂತಿದ್ದ. ಇವನನ್ನು ನೋಡಿ ತಟ್ಟನೆ ಎದ್ದುನಿಂತ, ಎದ್ದದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಗಂಡ ಸರಪಳಿ ದಾಟಿ ಕೆಳಗಿಳಿದ.

"ಕೂತ್ಕೊಳ್ಳಿ ಅಕ್ಕಾ," ಎಂದು ಬೆಣ್ಣೆ ಕುರ್ಚಿಯನ್ನು ಅವಳ ಕಡೆ ತಳ್ಳಿದ. ಅವಳು ಕೂರಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದು ನಿಂತಳು.

ಕೆಳಗೆ ಬಂಡೆಯ ಮೇಲೆ ಅವನ ಬೆನ್ನು ಕಾಣುತ್ತಿತ್ತು. ಮೇಸ್ತ್ರಿಯ ದನಿ ಕಲ್ಲಿಗೆ ಬಡಿದು ಮೇಲಕ್ಕೆ ಬರುತ್ತಿತ್ತು. ಒಂದು. ಎರಡು. ಮೂರು. ಎಂಟರವರೆಗೂ ಏಟು ಒಂದೇ ತೂಕದಲ್ಲಿ ಬಿದ್ದವು. ಒಂಬತ್ತು ಸ್ವಲ್ಪ ತಡವಾಯಿತು. ಹತ್ತು ಹಗುರವಾಯಿತು. ಹನ್ನೊಂದು ಬಿತ್ತೋ ಇಲ್ಲವೋ ಎಂಬಂತೆ ಬಿತ್ತು.

"ಹನ್ನೆರಡೂ..." ಎಂದು ಮೇಸ್ತ್ರಿ ಎಳೆದು ಕಾದ.

ಹನ್ನೆರಡನೆಯ ಏಟು ಬೆಣೆಯ ಅಂಚಿಗೆ ಬಿದ್ದು, ಒಡೆದ ಗಂಟೆಯ ಸದ್ದು ಮಾಡಿತು. ಬಂಡೆ ಸೀಳಿತು. ಗೆರೆಯುದ್ದಕ್ಕೆ ಅಲ್ಲ, ಓರೆಯಾಗಿ, ಮೂಲೆಗೆ.

ಆಮೇಲೆ ಅವಳ ಗಂಡ ಬಂಡೆಗೆ ಅಂಗೈ ಊರಿ, ಅದರ ಮೈ ತಡವಿ ನೋಡುವವನ ಹಾಗೆ ತಲೆ ತಗ್ಗಿಸಿದ.

"ಕಲ್ಲೇ... ಸರಿ ಇಲ್ಲ," ಎಂಬ ದನಿ ಮೇಲಕ್ಕೆ ಬಂತು. "ಥೂ... ಇದರ... ನರಾನೇ..."